ಹಿಟ್ಟು ಉಬ್ಬಲ್ಲ, ಮೊಸರು ಹೆಪ್ಪಾಗಲ್ಲ, ಚಳಿಗಾಲದಲ್ಲೇ ಐಸ್ ಕರಗುತ್ತೆ: ಕೊಡಗಿನ ಅಡುಗೆಮನೆಗೆ ಒಂದು ದೋಷ ನಿವಾರಣೆ ಕೈಪಿಡಿ

ಮದುವೆಯಾಗಿ ಮಂಗಳೂರಿನಿಂದ ಮಡಿಕೇರಿಗೆ ಬಂದ ಮೊದಲ ಡಿಸೆಂಬರ್. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ನೋಡಿದರೆ ಇಟ್ಟ ಹಾಗೇ ಇದೆ. ಒಂದು ಗುಳ್ಳೆಯೂ ಇಲ್ಲ. ಉದ್ದಿನಬೇಳೆ ಹಳೇದು ಅಂತ ಅಂಗಡಿಯವರನ್ನು ಬೈದುಕೊಂಡು ಬೇರೆ ಬೇಳೆ ತರಿಸಿದೆ. ಅದೂ ಅಷ್ಟೇ. ಮೂರನೇ ದಿನ ಅತ್ತೆ ಪಾತ್ರೆಯ ಮುಚ್ಚಳ ತೆಗೆದು ನೋಡಿ ನಕ್ಕರು. "ಬೇಳೆಯದ್ದೇನೂ ತಪ್ಪಿಲ್ಲ ಮಗಾ, ಚಳಿ. ಕಂಬಳಿ ಸುತ್ತಿ ಒಲೆ ಪಕ್ಕ ಇಡು," ಅಂದರು. ಮರುದಿನ ಹಿಟ್ಟು ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿತ್ತು.

ಆಮೇಲೆ ಮನೆಯಲ್ಲೇ ಹೋಂಸ್ಟೇ ಶುರುವಾಯಿತು. ದೊಡ್ಡ ಪಾತ್ರೆಗಳು, ಎರಡು ಫ್ರಿಜ್, ಮಳೆಗಾಲದ ಕರೆಂಟು. ಜೊತೆಗೆ ಬಯಲುಸೀಮೆಯಿಂದ ಬಂದ ಅತಿಥಿಗಳ ಅನುಮಾನಗಳು: ಎಣ್ಣೆ ಕಲಬೆರಕೆಯಾ, ಜೇನಿಗೆ ಸಕ್ಕರೆ ಹಾಕಿದ್ದಾರಾ, ಪಂದಿ ಕರಿ (ಹಂದಿಮಾಂಸದ ಸಾರು) ಮೇಲೆ ಬೂಷ್ಟು ಬಂದಿದೆಯಾ? ಇವುಗಳಲ್ಲಿ ಬಹುಪಾಲು ಬರೀ ಚಳಿಯ ಆಟ. ನೋಡೋಕೆ ಕೆಟ್ಟಂತೆ ಕಾಣುತ್ತೆ, ಕೆಟ್ಟಿರುವುದಿಲ್ಲ. ಅದೇ, ನೋಡೋಕೆ ಏನೂ ಆಗಿಲ್ಲದ, ಘಮಘಮ ಅನ್ನುವ ಒಂದು ಪಾತ್ರೆ ಸಾರು ಇಡೀ ಮನೆಯವರನ್ನು ಮಲಗಿಸಬಹುದು. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಥರ್ಮಾಮೀಟರ್

ಕಡ್ಡಿಯ ಹಾಗಿರುವ, ಆಹಾರಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ. ಕೆಲವು ನೂರು ರೂಪಾಯಿ ಅಷ್ಟೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಅದರಲ್ಲೂ ಪಾದರಸದ್ದನ್ನು ಅಡುಗೆಮನೆಗೆ ತರಲೇಬೇಡಿ.

ತಂದ ಕೂಡಲೇ ಪರೀಕ್ಷೆ ಮಾಡಿ. ಲೋಟದ ತುಂಬ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಹಾಕಿ, ಕಲಕಿ, ಮಧ್ಯಕ್ಕೆ ಕಡ್ಡಿ ಇಳಿಸಿ. 0 ಡಿಗ್ರಿ ತೋರಿಸಬೇಕು. (ಇಲ್ಲಿ ಎಲ್ಲ ಲೆಕ್ಕವೂ ಸೆಲ್ಸಿಯಸ್‌ನಲ್ಲಿದೆ.) ಆಮೇಲೆ ಕುದಿಯುವ ನೀರಿಗೆ ಇಳಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಮಡಿಕೇರಿಯಲ್ಲಿ ಅದು 96ರ ಹತ್ತಿರ ನಿಲ್ಲುತ್ತೆ, 100ಕ್ಕೆ ಹೋಗುವುದೇ ಇಲ್ಲ. ಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡೋಕೆ ಹೋಗಬೇಡಿ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತೆ. ಸುಮಾರು 300 ಮೀಟರ್‌ಗೆ 1 ಡಿಗ್ರಿ ಇಳಿಯುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಕುಶಾಲನಗರ ಅದಕ್ಕಿಂತ ತಗ್ಗು, ಅಲ್ಲಿ 97ರ ಆಸುಪಾಸು. 1,748 ಮೀಟರ್‌ನ ತಡಿಯಂಡಮೋಳ್ ತುದಿಯಲ್ಲಿ ಚಹಾ ಕಾಯಿಸಿದರೆ 94ಕ್ಕೇ ಕುದಿ ಬರುತ್ತೆ.

ಈ 4 ಡಿಗ್ರಿ ನೆನಪಿರಲಿ, ಬೇಳೆಯ ಹತ್ತಿರ ಮತ್ತೆ ಬರುತ್ತೆ.

ಇಡ್ಲಿ, ದೋಸೆ ಹಿಟ್ಟು ಉಬ್ಬಿಲ್ಲ

ಮೊದಲ ಮದ್ದು ಕಾಯುವುದು, ಅದಕ್ಕೆ ದುಡ್ಡೂ ಬೇಡ. ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳಿಗೆ 25ರಿಂದ 30 ಡಿಗ್ರಿ ಹಿತ. ಕರಾವಳಿಯಲ್ಲಿ ಎಂಟು ಗಂಟೆಯಲ್ಲಿ ಆಗುವ ಕೆಲಸ, ಅಡುಗೆಮನೆ ರಾತ್ರಿ 14 ಡಿಗ್ರಿಗೆ ಇಳಿದರೆ ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಹಿಟ್ಟು ಸತ್ತಿಲ್ಲ, ಮುದುಡಿ ಕೂತಿದೆ ಅಷ್ಟೆ.

ಕಾಯೋಕೆ ಸಮಯ ಇಲ್ಲ ಅಂದರೆ ಜಾಗ ಬದಲಿಸಿ. ಅಡುಗೆಮನೆಯ ಕಲ್ಲಿನ ಕಟ್ಟೆ ಮಂಜುಗಡ್ಡೆಯ ಹಾಗೆ ಶಾಖ ಎಳೆದುಕೊಳ್ಳುತ್ತೆ, ಅದರ ಮೇಲೆ ಸ್ಟೀಲ್ ಪಾತ್ರೆ ಇಡಬೇಡಿ. ಬಚ್ಚಲುಮನೆಯ ಹಂಡೆ ಒಲೆ ಇದ್ದರೆ ಅದರ ಪಕ್ಕದ ಗೋಡೆಯ ಹತ್ತಿರ ಇಡಿ. ಇಲ್ಲದಿದ್ದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪಾತ್ರೆ ಇಟ್ಟು, ಪಕ್ಕದಲ್ಲಿ ಬಿಸಿನೀರು ತುಂಬಿದ ಎರಡು ಸ್ಟೀಲ್ ಬಾಟಲಿ ಇಟ್ಟು ಮುಚ್ಚಿ. ನಾನು ಮೀನು ತಂದ ಹಳೇ ಪೆಟ್ಟಿಗೆಯನ್ನೇ ತೊಳೆದು ಬಳಸುತ್ತಿದ್ದೇನೆ. ವಾಸನೆ ಹೋಗಲು ಒಂದು ವಾರ ಬಿಸಿಲು ಬೇಕಾಯಿತು, ಅದು ಬೇರೆ ಮಾತು. ರಾತ್ರಿ ಹತ್ತಕ್ಕೆ ಒಮ್ಮೆ ಬಿಸಿನೀರು ಬದಲಿಸಿದರೆ ಬೆಳಿಗ್ಗೆ ಏಳಕ್ಕೆ ಹಿಟ್ಟು ರೆಡಿ.

ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹಿಟ್ಟನ್ನೂ ಮನುಷ್ಯರನ್ನೂ ಒಟ್ಟಿಗೆ ಬೆಚ್ಚಗಿಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತೆ.

ಬೆಚ್ಚಗಿಟ್ಟರೂ ಉಬ್ಬದಿದ್ದರೆ ಮುಂದಿನದ್ದು ನೋಡಿ. ಮಿಕ್ಸಿಯಲ್ಲಿ ಒಂದೇ ಸಮನೆ ರುಬ್ಬಿದಿರಾ? ಜಾರ್ ಮುಟ್ಟಿದರೆ ಸುಡುವಷ್ಟಾಗಿದ್ದರೆ ಹಿಟ್ಟಿನ ಜೀವ ಅಲ್ಲೇ ಹೋಗಿರುತ್ತೆ. ಮುಂದಿನ ಸಲ ನಿಲ್ಲಿಸಿ ನಿಲ್ಲಿಸಿ, ತಣ್ಣೀರು ಹಾಕಿ ರುಬ್ಬಿ. ಹುಳಿ ಬಂದಿದೆ ಆದರೆ ಉಬ್ಬಿಲ್ಲ ಅಂದರೆ ಶಾಖ ಸರಿ ಇದೆ. ಹಿಟ್ಟು ನೀರಾಗಿದೆ ಅಥವಾ ಉದ್ದು ಹಳೇದು, ಹಾಗಾಗಿ ಗಾಳಿ ಒಳಗೆ ನಿಲ್ಲುತ್ತಿಲ್ಲ. ಅಂಗಡಿಯವರನ್ನು ಬೈಯುವುದಾದರೆ ಈ ಹಂತದಲ್ಲಿ ಬೈಯಿರಿ. ಆ ಹಿಟ್ಟಿನಲ್ಲಿ ದೋಸೆ ಚೆನ್ನಾಗಿಯೇ ಆಗುತ್ತೆ.

ಗುಲಾಬಿ ಅಥವಾ ಕಿತ್ತಳೆ ಬಣ್ಣದ ಚುಕ್ಕೆ, ಕಪ್ಪು ಬೂಷ್ಟು, ಕೊಳೆತ ವಾಸನೆ ಕಂಡರೆ ಪೂರ್ತಿ ಚೆಲ್ಲಿ. ಮೇಲಿನದ್ದು ತೆಗೆದು ಕೆಳಗಿನದ್ದು ಬಳಸುವುದು ಬೇಡ.

ಮೊಸರು ನೀರು ನೀರಾಗಿದೆ, ಅಥವಾ ಲೋಳೆಯಾಗಿದೆ

ಮೊಸರಿನ ವಿಷಯದಲ್ಲಿ ತಪ್ಪು ಎರಡೂ ಕಡೆಯಿಂದ ಆಗುತ್ತೆ. ಹಾಲು ತಣ್ಣಗಾದ ಮೇಲೆ ಹೆಪ್ಪು ಹಾಕಿದರೆ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತೆ. ಸುಡುವ ಹಾಲಿಗೆ ಹಾಕಿದರೆ ಹೆಪ್ಪೇ ಸತ್ತು, ಒಡೆದ ಹಾಗೆ ನೀರು ಬೇರೆ ಕಾಳು ಬೇರೆ ಆಗುತ್ತೆ. 40 ಡಿಗ್ರಿಯ ಹತ್ತಿರ ಸರಿ. ಮೀಟರ್ ಇಲ್ಲದಿದ್ದರೆ ಕಿರುಬೆರಳು ಅದ್ದಿ ಹತ್ತು ಎಣಿಸಿ. ಬೆಚ್ಚಗೆ ಹಿತವಾಗಿರಬೇಕು, ಬೆರಳು ತೆಗೆಯಬೇಕು ಅನ್ನಿಸಬಾರದು.

ಹಾಲಾಗಿಯೇ ಉಳಿದಿದ್ದರೆ ಇನ್ನೂ ಕೈ ಮೀರಿಲ್ಲ. ವಾಸನೆ ಸರಿ ಇದ್ದರೆ ಪಾತ್ರೆಯನ್ನು ಬೆಚ್ಚನೆ ನೀರಿನಲ್ಲಿ ಇಟ್ಟು, ಇನ್ನೊಂದು ಚಮಚ ಹೆಪ್ಪು ಸೇರಿಸಿ, ನಾಲ್ಕೈದು ಗಂಟೆ ಬಿಡಿ. ಹೆಪ್ಪನ್ನು ಫ್ರಿಜ್‌ನಿಂದ ತೆಗೆದು ನೇರ ಹಾಕುವುದಕ್ಕಿಂತ ಅರ್ಧ ಗಂಟೆ ಹೊರಗಿಟ್ಟು ಹಾಕುವುದು ಒಳ್ಳೆಯದು.

ಚಮಚ ಎತ್ತಿದರೆ ದಾರದ ಹಾಗೆ ಎಳೆ ಬರುತ್ತಿದೆಯಾ? ಚಳಿಗಾಲದಲ್ಲಿ ಇದು ಜಾಸ್ತಿ. ಕಡಿಮೆ ಶಾಖದಲ್ಲಿ ನಿಧಾನವಾಗಿ ಹೆಪ್ಪಾಗುವಾಗ ಲೋಳೆ ಮಾಡುವ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಅದೇ ಮೊಸರನ್ನು ಮತ್ತೆ ಹೆಪ್ಪಿಗೆ ಬಳಸಿದರೆ ದಿನದಿಂದ ದಿನಕ್ಕೆ ಲೋಳೆ ಹೆಚ್ಚುತ್ತೆ. ಪಕ್ಕದ ಮನೆಯಿಂದ ಒಂದು ಚಮಚ ಹೊಸ ಹೆಪ್ಪು ತನ್ನಿ.

ಎಣ್ಣೆ, ತುಪ್ಪ, ಜೇನು ಗಟ್ಟಿಯಾಗಿದೆ

ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವುದು ಅದರ ಗುಣ. ನಮ್ಮಲ್ಲಿ ವರ್ಷದ ಎಷ್ಟೋ ಬೆಳಿಗ್ಗೆ ಅದು ಬೆಳ್ಳಗೆ ಕಲ್ಲಾಗಿರುತ್ತೆ. ಬಾಯಿ ಅಗಲದ ಡಬ್ಬಿಗೆ ಹಾಕಿಡಿ, ಚಮಚದಲ್ಲಿ ಕೆರೆದು ತೆಗೆಯಬಹುದು. ತುಪ್ಪ ಹರಳು ಹರಳಾದರೂ ಚಿಂತೆ ಇಲ್ಲ, ನಿಧಾನ ತಣಿದರೆ ಹಾಗೇ ಆಗುತ್ತೆ.

ಜೇನಿನ ಜಗಳ ದೊಡ್ಡದು. ಬಾಟಲಿಯ ತಳದಲ್ಲಿ ಹರಳು ಕಂಡ ಕೂಡಲೇ "ಸಕ್ಕರೆ ಪಾಕ" ಅನ್ನುತ್ತಾರೆ. ಜೇನಿನಲ್ಲಿ ಗ್ಲೂಕೋಸ್ ಇದೆ, ಅದು ಹರಳುಗಟ್ಟಲು ಬಹಳ ಇಷ್ಟಪಡುವುದು 10ರಿಂದ 15 ಡಿಗ್ರಿಯನ್ನು. ಅಂದರೆ ನಮ್ಮ ಜನವರಿಯ ರಾತ್ರಿಯನ್ನು! ಅಸಲಿ ಜೇನು ಹರಳಾಗುತ್ತೆ. ಹರಳಾಗದ ಅಸಲಿ ಜೇನೂ ಇದೆ, ಹೂವಿನ ಮೇಲೆ ಹೋಗುತ್ತೆ. ಹಾಗಾಗಿ ಹರಳು ನೋಡಿ ಕಲಬೆರಕೆ ಹೌದು ಅಲ್ಲ ಅಂತ ತೀರ್ಮಾನ ಮಾಡಲು ಬರುವುದಿಲ್ಲ. ಬಾಟಲಿಯನ್ನು 40 ಡಿಗ್ರಿಯ ನೀರಿನಲ್ಲಿ ಇಟ್ಟು ಕಾಯಿರಿ, ಕರಗುತ್ತೆ. ಒಲೆ ಮೇಲೆ ನೇರ ಕುದಿಸಿದರೆ ಪರಿಮಳವೂ ಹೋಗುತ್ತೆ, ಬಣ್ಣವೂ ಕಪ್ಪಾಗುತ್ತೆ.

ಮೇಲೆ ನೊರೆ ಬಂದು ಹುಳಿ ವಾಸನೆ ಇದ್ದರೆ ಅದು ನಿಜವಾದ ದೋಷ. ನೀರಿನ ಅಂಶ ಜಾಸ್ತಿಯಾಗಿ ಹುದುಗಿದೆ. ಇನ್ನೊಂದು ಮಾತು: ವರ್ಷ ತುಂಬದ ಮಗುವಿಗೆ ಎಂಥ ಶುದ್ಧ ಜೇನನ್ನೂ ನೆಕ್ಕಿಸಬೇಡಿ. ಬಾಟುಲಿಸಂ ಎಂಬ ಕಾಯಿಲೆಯ ಬೀಜ ಅದರಲ್ಲಿ ಇರಬಹುದು, ಬೆಚ್ಚಗೆ ಮಾಡಿದರೆ ಅದು ಸಾಯುವುದಿಲ್ಲ.

ಇದೇ ಗುಂಪಿನ ಇನ್ನೆರಡನ್ನು ಬೇಗ ಮುಗಿಸುತ್ತೇನೆ. ಮಡಿಕೇರಿಯಲ್ಲಿ ಕೊಂಡ ಹೋಂಮೇಡ್ ಚಾಕೊಲೇಟ್ ಬೆಂಗಳೂರು ಮುಟ್ಟುವಾಗ ಬೆಳ್ಳಗಾಗಿದ್ದರೆ ಅದು ಬೂಷ್ಟಲ್ಲ. ಕಾರಿನ ಬಿಸಿಗೆ ಕೊಕೊ ಬೆಣ್ಣೆ ಕರಗಿ ಮತ್ತೆ ಮೇಲೆ ಬಂದು ಗಟ್ಟಿಯಾದದ್ದು, ತಿನ್ನಬಹುದು. ಬಾಳೆಹಣ್ಣನ್ನು ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತೆ. 13 ಡಿಗ್ರಿಗಿಂತ ಕೆಳಗೆ ಆ ಹಣ್ಣಿಗೆ ಚಳಿ ತಡೆಯುವುದಿಲ್ಲ. ಗೊನೆಯನ್ನು ಅಟ್ಟದಲ್ಲೇ ತೂಗುಹಾಕಿ.

ಬೆಲ್ಲದ ಕಾಫಿಗೆ ಹಾಲು ಹಾಕಿದರೆ ಒಡೆಯುತ್ತದೆ

ಕೊಡಗಿನ ಹಳೇ ಮನೆಗಳಲ್ಲಿ ಬೆಲ್ಲದ ಕಾಫಿ ಅಂದರೆ ಕಪ್ಪು ಕಾಫಿಯೇ. ಹಾಲಿಲ್ಲ, ಒಡೆಯುವ ಪ್ರಶ್ನೆಯೂ ಇಲ್ಲ. ತೊಂದರೆ ಶುರುವಾಗುವುದು ಹಾಲು ಸೇರಿಸಿದಾಗ. ಒಡೆದ ಕೂಡಲೇ ಹಾಲಿನವರ ಮೇಲೆ ಹೋಗುವ ಮೊದಲು ಒಂದು ನಿಮಿಷದ ಪರೀಕ್ಷೆ ಇದೆ. ಸೌಟಿನಲ್ಲಿ ಎರಡು ಚಮಚ ಹಾಲು ಮಾತ್ರ ಕುದಿಸಿ. ಒಡೆಯಿತಾ? ಹಾಲೇ ಹುಳಿಯಾಗಿದೆ, ಕೆಳಗೆ ಫ್ರಿಜ್ ಬಗ್ಗೆ ಬರೆದದ್ದು ನೋಡಿ. ಒಡೆಯಲಿಲ್ಲವಾ? ತಪ್ಪು ಬೆಲ್ಲದ್ದು, ಅಥವಾ ನೀವು ಅದನ್ನು ಹಾಕಿದ ಹೊತ್ತಿನದ್ದು.

ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತೆ. ಡಿಕಾಕ್ಷನ್ನಿನಲ್ಲೂ ಇರುತ್ತೆ, ರಾತ್ರಿಯದ್ದಾದರೆ ಇನ್ನೂ ಜಾಸ್ತಿ. ತಣ್ಣನೆಯ ಹಾಲು ಅಷ್ಟು ಹುಳಿಯನ್ನು ತಡೆದುಕೊಳ್ಳುತ್ತೆ. ಆದರೆ ಹಾಲು ಬಿಸಿಯಾದಷ್ಟೂ ಅದನ್ನು ಒಡೆಯಲು ಕಡಿಮೆ ಹುಳಿ ಸಾಕು. ಕುದಿಯುವ ಹಾಲಿಗೆ ಬೆಲ್ಲದ ಉಂಡೆ ಬಿದ್ದರೆ, ಉಂಡೆಯ ಸುತ್ತ ಹುಳಿ ಒಂದೇ ಕಡೆ ಗಟ್ಟಿಯಾಗಿ, ಕುದಿಯೂ ಜೋರಾಗಿ, ಎರಡೂ ಸೇರಿ ಕೆಲಸ ಕೆಡಿಸುತ್ತವೆ.

ಪರಿಹಾರ ಸುಲಭ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ ಇಟ್ಟುಕೊಳ್ಳಿ. ಡಿಕಾಕ್ಷನ್ ಜೊತೆ ಅದನ್ನು ಲೋಟದಲ್ಲಿ ಬೆರೆಸಿ. ಹಾಲನ್ನು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಸುರಿಯಿರಿ. ಬೆರೆಸಿದ್ದನ್ನು ಮತ್ತೆ ಒಲೆಗೆ ಇಡಬೇಡಿ. ಅದಕ್ಕೂ ಒಡೆದರೆ ಬೆಲ್ಲ ಬದಲಿಸಿ ನೋಡಿ.

ಡಿಕಾಕ್ಷನ್ ಸಪ್ಪೆಯಾಗುವುದಕ್ಕೂ ಚಳಿಯದ್ದೇ ಕೈವಾಡ ಇರಬಹುದು. ಕಾಫಿಯ ಸಾರ ಚೆನ್ನಾಗಿ ಇಳಿಯಲು 90ರಿಂದ 96 ಡಿಗ್ರಿಯ ನೀರು ಬೇಕು. ಬಯಲಿನವರು ಕುದಿದ ನೀರನ್ನು ಒಂದು ನಿಮಿಷ ಆರಿಸಬೇಕು, ನಾವು ಕುದಿಯುತ್ತಿದ್ದ ಹಾಗೇ ಸುರಿಯಬಹುದು. ಆದರೆ ಜನವರಿಯ ಬೆಳಿಗ್ಗೆ ಸ್ಟೀಲ್ ಫಿಲ್ಟರ್ ಮುಟ್ಟಿ ನೋಡಿ, ಐಸ್ ಆಗಿರುತ್ತೆ. ಒಂದು ಲೋಟ ನೀರಿನ ಶಾಖವನ್ನು ಆ ಪಾತ್ರೆಯೇ ಕುಡಿದುಬಿಡುತ್ತೆ. ಪುಡಿ ಹಾಕುವ ಮೊದಲು ಫಿಲ್ಟರಿಗೆ ಬಿಸಿನೀರು ಹಾಕಿ ಚೆಲ್ಲಿ. ನಾನು ಪುಡಿಯ ಅಳತೆ ಹೆಚ್ಚಿಸಿ ಹೆಚ್ಚಿಸಿ ಸೋತ ಮೇಲೆ ಇದು ಹೊಳೆದದ್ದು.

ಪುಡಿಯನ್ನು ಫ್ರಿಜ್‌ನಲ್ಲಿಟ್ಟು ದಿನಾ ಹೊರಗೆ ತೆಗೆಯುತ್ತಿದ್ದರೆ, ಮಳೆಗಾಲದ ಒದ್ದೆ ಗಾಳಿ ತಣ್ಣನೆಯ ಪುಡಿ ಮೇಲೆ ನೀರಾಗಿ ಕೂರುತ್ತೆ, ಪುಡಿ ಗಂಟು ಕಟ್ಟುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇರಲಿ.

ಕಾಫಿ ತೀರಾ ಬಿಸಿ ಕುಡಿಯುವವರಿಗೆ ಒಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇದೆ ಅಂತ ಹೇಳಿತು. ದೋಷ ಕಾಫಿಯದ್ದಲ್ಲ, ಬಿಸಿಯದ್ದು. ಎರಡು ಸಲ ಎತ್ತಿ ಹೊಯ್ದು ಕುಡಿಯಿರಿ.

ಬೇಳೆ, ಕಾಳು ಬೇಯುತ್ತಿಲ್ಲ

ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಹಾಕಿದರೂ ಮಡಿಕೇರಿಯ ನೀರು 96 ದಾಟುವುದಿಲ್ಲ. ಉರಿ ಜಾಸ್ತಿ ಮಾಡಿದರೆ ಗ್ಯಾಸ್ ಖಾಲಿ, ಬೇಳೆ ಅಲ್ಲೇ. ಕುಕ್ಕರ್ ಹಾಕಿದರೆ ಒಳಗೆ 118ರ ಹತ್ತಿರ ಹೋಗುತ್ತೆ. ಆದರೂ ಬಯಲಿನಷ್ಟಲ್ಲ, ಹಾಗಾಗಿ ಅಲ್ಲಿನ ಅಳತೆಗೆ ಒಂದು ವಿಷಲ್ ಸೇರಿಸಿ. ಅದಕ್ಕೂ ಬೇಯದಿದ್ದರೆ ಗ್ಯಾಸ್ಕೆಟ್ ನೋಡಿ. ಚಳಿಗೆ ರಬ್ಬರ್ ಬಿರುಸಾಗಿರುತ್ತೆ, ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಹಾಕಿ. ಅಂಚಿನಿಂದ ಆವಿ ಸೋರುತ್ತಿದ್ದರೆ ಹೊಸದು ತನ್ನಿ. ಅದಾದ ಮೇಲೂ ಬೇಯಲಿಲ್ಲ ಅಂದರೆ ಕಾಳು ಹಳೇದು. ವಿಷಲ್ ಎತ್ತಿ ಆವಿ ಬಿಡುವ ಅವಸರ ಬೇಡ.

ರಾಜ್ಮಾ ಮಾತ್ರ ಅರೆಬೆಂದದ್ದು ತಿನ್ನಲೇಬೇಡಿ. ಅದರಲ್ಲಿ ಇರುವ ನಂಜು ಜೋರು ಕುದಿಗೆ ಮಾತ್ರ ಹೋಗುತ್ತೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹೋಗುವುದಿಲ್ಲ. ನೆನೆಸಿ, ಆ ನೀರು ಚೆಲ್ಲಿ, ಕುಕ್ಕರ್‌ನಲ್ಲೇ ಬೇಯಿಸಿ.

ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಕಲ್ಲಾಗಿದೆ, ಕರಿ ಮೇಲೆ ಬಿಳಿ ಪದರ ಬಂದಿದೆ

ಎರಡೂ ನಿರುಪದ್ರವಿ ಲಕ್ಷಣ. ಬೆಂದ ಅಕ್ಕಿಯ ಪಿಷ್ಟ ತಣಿದಾಗ ಮತ್ತೆ ಬಿಗಿಯಾಗುತ್ತೆ, ಫ್ರಿಜ್‌ನ ತಂಪಿನಲ್ಲಿ ಎಲ್ಲಕ್ಕಿಂತ ಬೇಗ. ಕಡಂಬುಟ್ಟು, ಒತ್ತು ಶಾವಿಗೆಯಂಥ ನೂಲ್‌ಪುಟ್ಟು, ಅಕ್ಕಿ ರೊಟ್ಟಿ ಎಲ್ಲಕ್ಕೂ ಇದೇ ಕತೆ. ಐದು ನಿಮಿಷ ಹಬೆಯಲ್ಲಿಟ್ಟರೆ ಮೃದುವಾಗುತ್ತೆ. ಪಂದಿ ಕರಿ ಮೇಲಿನ ಬಿಳಿ ಪದರ ಹಂದಿ ಕೊಬ್ಬು. ಬಿಸಿ ಮಾಡಿದರೆ ಕರಗಿ ಹೋಗುವುದು ಕೊಬ್ಬು. ರೋಮ ರೋಮವಾಗಿ, ಹಸಿರು ಅಥವಾ ಬೂದು ಬಣ್ಣದಲ್ಲಿ ಇರುವುದು ಬೂಷ್ಟು, ಚೆಲ್ಲಬೇಕಾದದ್ದು.

ಈಗ ನಿಜವಾದ ಅಪಾಯಕ್ಕೆ ಬರೋಣ. ಅದಕ್ಕೆ ಯಾವ ಲಕ್ಷಣವೂ ಇಲ್ಲ.

ಒಂದು ಸಲ ಹದಿನೆಂಟು ಜನಕ್ಕೆ ಮಾಡಿದ ಕರಿ ಅರ್ಧ ಉಳಿಯಿತು. ದೊಡ್ಡ ದಪ್ಪ ತಳದ ಪಾತ್ರೆ. ರಾತ್ರಿ ಹತ್ತಕ್ಕೆ ಕುದಿಸಿ, ಮುಚ್ಚಿ, ಹಿಂದಿನ ಜಗಲಿಯಲ್ಲಿಟ್ಟೆ. ಹೊರಗೆ 13 ಡಿಗ್ರಿ, ಫ್ರಿಜ್ ಯಾಕೆ ಬೇಕು ಅಂತ ನನ್ನ ಯೋಚನೆ. ಬೆಳಿಗ್ಗೆ ಆರಕ್ಕೆ ಪಾತ್ರೆಯ ಹೊರಮೈ ಮುಟ್ಟಿದೆ, ತಣ್ಣಗಿತ್ತು. ಸುಮ್ನೆ ಕುತೂಹಲಕ್ಕೆ ಥರ್ಮಾಮೀಟರನ್ನು ನಡುವಿಗೆ ಇಳಿಸಿದೆ. 38 ಡಿಗ್ರಿ! ಮನುಷ್ಯನ ಮೈಯಷ್ಟು ಬೆಚ್ಚಗೆ, ರಾತ್ರಿಯಿಡೀ. ವಾಸನೆ ನೋಡಿದೆ, ಕಾಚಂಪುಳಿಯ (ನಮ್ಮ ಕಡೆಯ ಕಪ್ಪು ಹುಳಿರಸ) ಘಮ, ಮೆಣಸಿನ ಘಮ. ಪೂರ್ತಿ ಗುಂಡಿಗೆ ಸುರಿಯುವಾಗ ಹೊಟ್ಟೆ ಉರಿದದ್ದು ನಿಜ.

5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಕೆಲವು ಜಾತಿಯವು ಬೀಜದ ರೂಪದಲ್ಲಿ ಕುದಿಯನ್ನೂ ತಡೆದು ಬದುಕುತ್ತವೆ, ಸಾರು ಬೆಚ್ಚಗಾದಾಗ ಮೊಳೆಯುತ್ತವೆ. ಅನ್ನದಲ್ಲಿ ಬೆಳೆಯುವ ಒಂದು ಬಗೆ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ "ಚೆನ್ನಾಗಿ ಕುದಿಸಿದರೆ ಆಯ್ತಲ್ವಾ" ಅನ್ನುವ ಮಾತಿಗೆ ಉತ್ತರ, ಆಗಲ್ಲ. ಕೊಡಗಿನ ರಾತ್ರಿ ಎಷ್ಟೇ ಚಳಿ ಇರಲಿ, 13 ಡಿಗ್ರಿ ಅಂದರೆ 5 ಡಿಗ್ರಿ ಅಲ್ಲ.

ಮಾಡಬೇಕಾದದ್ದು: ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲದ, ಆಳ ಕಡಿಮೆ ಇರುವ ಪಾತ್ರೆಗಳಿಗೆ ಹಂಚಿ. ತಣ್ಣೀರಿನ ತಟ್ಟೆಯಲ್ಲಿ ಇಟ್ಟು ಕಲಕುತ್ತಾ ಆರಿಸಿ ಫ್ರಿಜ್‌ಗೆ ಸೇರಿಸಿ. ಅನ್ನವನ್ನೂ ಹಾಗೇ ಹರಡಿ. ಮತ್ತೆ ಬಿಸಿ ಮಾಡುವಾಗ ನಡುವಿನಲ್ಲಿ 75 ಡಿಗ್ರಿ ದಾಟಲಿ, ಒಂದೇ ಸಲ ಬಿಸಿ ಮಾಡಿ. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ಮಾಂಸ ಬಾಳಿಕೆ ಬರುವುದು ಉಪ್ಪು ಮತ್ತು ಒಣಗಿದ್ದರಿಂದ. ಸಾರಿಗೆ ಆ ಧೈರ್ಯ ಬೇಡ.

ಫ್ರಿಜ್‌ನಲ್ಲಿಟ್ಟ ಹಾಲು ಕೆಡುತ್ತಿದೆ

ಒಂದು ಲೋಟ ನೀರನ್ನು ಫ್ರಿಜ್‌ನ ನಡು ಶೆಲ್ಫ್‌ನಲ್ಲಿಟ್ಟು, ರಾತ್ರಿ ಕಳೆದ ಮೇಲೆ ಅದರ ಶಾಖ ನೋಡಿ. 4 ಡಿಗ್ರಿಯ ಆಸುಪಾಸು ಇದ್ದರೆ ಫ್ರಿಜ್ ಸರಿ. ಹಾಲನ್ನು ಬಾಗಿಲಿನಲ್ಲಿ ಇಡುತ್ತಿದ್ದೀರಿ, ಅಷ್ಟೆ. ಅದು ಫ್ರಿಜ್‌ನ ಬೆಚ್ಚನೆಯ ಜಾಗ, ಒಳಗೆ ಸರಿಸಿ.

8 ಅಥವಾ 10 ತೋರಿಸಿದರೆ ಮೊದಲು ಖರ್ಚಿಲ್ಲದ್ದು ನೋಡಿ. ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಮಳೆಗಾಲದಲ್ಲಿ ರಬ್ಬರ್ ಮಡಿಕೆಗಳಲ್ಲಿ ಕಪ್ಪು ಬೂಷ್ಟು ಕೂತು ಬಾಗಿಲು ಸರಿ ಮುಚ್ಚುವುದಿಲ್ಲ, ಸೋಪಿನ ನೀರಿನಲ್ಲಿ ಒರೆಸಿ. ಒಳಗೆ ಗಾಳಿ ಓಡಾಡದಷ್ಟು ತುಂಬಿದ್ದೀರಾ? ಫ್ರಿಜ್ ಗೋಡೆಗೆ ಅಂಟಿದೆಯಾ? ಪ್ಲಗ್ ತೆಗೆದು ಹಿಂದಿನ ಧೂಳು ಹೊಡೆಯಿರಿ. ಫ್ರೀಜರ್‌ನಲ್ಲಿ ಬೆರಳು ದಪ್ಪ ಮಂಜು ಕಟ್ಟಿದ್ದರೆ ಆಫ್ ಮಾಡಿ ಕರಗಲು ಬಿಡಿ. ಚಾಕುವಿನಿಂದ ಕೆತ್ತಿದರೆ ಪೈಪಿಗೆ ತೂತು ಬಿದ್ದು ಗ್ಯಾಸ್ ಹೋಗುತ್ತೆ.

ಚಳಿಗಾಲದಲ್ಲೇ ಐಸ್ ಕರಗುತ್ತಿದೆ

ಇದು ನಮ್ಮಂಥ ಊರಿನ ವಿಶೇಷ ದೋಷ. ಮೆಕ್ಯಾನಿಕ್ ಕೂಡ ಕೆಲವು ಸಲ "ಗ್ಯಾಸ್ ಹೋಗಿದೆ" ಅಂದುಬಿಡುತ್ತಾರೆ. ಒಂದೇ ಥರ್ಮೋಸ್ಟಾಟ್ ಇರುವ ಫ್ರಿಜ್‌ನಲ್ಲಿ ಅದು ಸಾಮಾನ್ಯವಾಗಿ ಕೆಳಗಿನ ಭಾಗದ ಶಾಖ ನೋಡುತ್ತೆ. ಅಡುಗೆಮನೆಯೇ 12 ಡಿಗ್ರಿ ಇದ್ದರೆ ಕೆಳಗಿನ ಭಾಗ ಬೇಗ ಬಿಸಿಯಾಗುವುದಿಲ್ಲ. ಮೋಟರ್ ಓಡುವ ಅಗತ್ಯವೇ ಅದಕ್ಕೆ ಕಾಣುವುದಿಲ್ಲ. ಮೋಟರ್ ಓಡದೆ ಮೇಲಿನ ಫ್ರೀಜರ್ ಕರಗುತ್ತೆ. ಚಳಿ ಅಂತ ಗುಂಡಿಯನ್ನು 1ಕ್ಕೆ ಇಳಿಸಿದರೆ ಇನ್ನೂ ಕೆಡುತ್ತೆ.

ಫ್ರಿಜ್ ಹಿಂದಿನ ಅಥವಾ ಒಳಗಿನ ಸ್ಟಿಕರ್‌ನಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಒಂದು ಅಕ್ಷರ ಇರುತ್ತೆ. 'ಟಿ' ಇದ್ದರೆ 16ರಿಂದ 43 ಡಿಗ್ರಿಯ ಕೋಣೆಗೆ ಮಾಡಿದ್ದು. 'ಎಸ್‌ಎನ್' ಇದ್ದರೆ 10 ಡಿಗ್ರಿಯವರೆಗೂ ನಡೆಯುತ್ತೆ. ನಮ್ಮ ಒಂದು ಫ್ರಿಜ್ ಜಗಲಿಯಲ್ಲಿತ್ತು. ಒಳಗಿನ ಕೋಣೆಗೆ ತಂದೆವು, ರಿಪೇರಿ ಇಲ್ಲದೇ ಸರಿಹೋಯಿತು. ಮೆಕ್ಯಾನಿಕ್ ಕರೆಸುವ ಮೊದಲು ಎರಡು ದಿನ ಹೀಗೆ ಮಾಡಿ ನೋಡಿ.

ಮೋಟರ್ ಗುಂಯ್ ಅಂದು ಟಿಕ್ ಅಂತ ನಿಲ್ಲುತ್ತಿದ್ದರೆ ವೋಲ್ಟೇಜ್ ಕಡಿಮೆ ಇರಬಹುದು, ಸ್ಟೆಬಿಲೈಸರ್ ನೋಡಿ. ಇದರಿಂದ ಮುಂದೆ ನಿಮ್ಮ ಕೈ ಹಾಕಬೇಡಿ. ಬಾಗಿಲು ಮುಟ್ಟಿದರೆ ಜುಮ್ ಅನ್ನುವುದು, ಸುಟ್ಟ ವಾಸನೆ, ಮೋಟರ್ ಬಿಡದೇ ಓಡಿದರೂ ತಣ್ಣಗಾಗದಿರುವುದು, ಇವಕ್ಕೆ ಮೈನ್ ಆಫ್ ಮಾಡಿ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಹೊಸ ಫ್ರಿಜ್‌ಗಳಲ್ಲಿ ಬಹಳಷ್ಟು ಆರ್ 600 ಎ ಗ್ಯಾಸಿನವು, ಅದು ಬೆಂಕಿ ಹತ್ತುವ ಗ್ಯಾಸ್. ಹಿಸ್ಸ್ ಅನ್ನುವ ಸದ್ದು ಕೇಳಿದರೆ ಒಲೆ ಆರಿಸಿ, ಕಿಟಕಿ ತೆರೆಯಿರಿ, ಫ್ರಿಜ್‌ನ ಸ್ವಿಚ್ ಮುಟ್ಟಬೇಡಿ.

ಕರೆಂಟ್ ಹೋಗಿ ಎರಡು ದಿನ ಆಯಿತು

ಜುಲೈನಲ್ಲಿ ಮರ ಬಿದ್ದರೆ ಲೈನ್‌ಮನ್‌ಗಳು ಮಳೆಯಲ್ಲೇ ತೋಟ ಹೊಕ್ಕು ಹುಡುಕಬೇಕು, ಹೊತ್ತಾಗುತ್ತೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಅದಕ್ಕೇ ಮಳೆಗಾಲ ಬರುವ ಮೊದಲು ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿ ಐಸ್ ಮಾಡಿಡಿ.

ನಾವು ಮನೆಯಲ್ಲಿ ಇಲ್ಲದಾಗ ಕರೆಂಟ್ ಹೋಗಿ ಬಂತಾ ಅಂತ ತಿಳಿಯಲು ಒಂದು ಉಪಾಯ. ಬಟ್ಟಲಿನಲ್ಲಿ ಐಸ್ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಬಂದು ನೋಡಿದಾಗ ನಾಣ್ಯ ಐಸಿನ ತಳದಲ್ಲಿ ಹೂತಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಮಾಂಸ, ಮೀನು ಚೆಲ್ಲಿ. ಇನ್ನೂ ಐಸಿನ ಹರಳು ಇರುವ ಮಾಂಸವನ್ನು ಕೂಡಲೇ ಬೇಯಿಸಬಹುದು. ಬೆಣ್ಣೆ, ಉಪ್ಪಿನಕಾಯಿ, ಕಾಚಂಪುಳಿಗೆ ಏನೂ ಆಗುವುದಿಲ್ಲ. ಹಾಲು, ಬೆಂದ ಅಡುಗೆ, ತುರಿದ ಕಾಯಿ ಎರಡು ಗಂಟೆಗಿಂತ ಜಾಸ್ತಿ 5 ಡಿಗ್ರಿ ಮೇಲೆ ಇದ್ದರೆ ಬೇಡ. ಜನರೇಟರ್ ಹಾಕುವುದಾದರೆ ಮನೆಯಿಂದ ಹೊರಗೆ, ಕಿಟಕಿಯಿಂದ ದೂರ. ಕರೆಂಟ್ ಬಂದ ಕೂಡಲೇ ಫ್ರಿಜ್ ಹಾಕಬೇಡಿ, ಐದು ನಿಮಿಷ ಬಿಟ್ಟು ಹಾಕಿ.

ಬಾಟಲಿಯಲ್ಲಿಟ್ಟ ಹೋಂಮೇಡ್ ವೈನ್ ಬುಸುಗುಡುತ್ತಿದೆ

ಡಿಸೆಂಬರ್‌ನಲ್ಲಿ ಗುಳ್ಳೆ ನಿಂತಿತು, ವೈನ್ ಆಯಿತು ಅಂತ ಬಿರಡೆ ಬಿಗಿದಿರಾ? ಆಗಿರಲಿಲ್ಲ. ಚಳಿಗೆ ಯೀಸ್ಟ್ ಮಲಗಿತ್ತು. ಮಾರ್ಚ್ ಬಿಸಿಲಿಗೆ ಎದ್ದು ಉಳಿದ ಸಕ್ಕರೆ ತಿನ್ನಲು ಶುರು ಮಾಡಿದೆ. ನಮ್ಮ ಉಗ್ರಾಣದಲ್ಲಿ ಒಂದು ಮಧ್ಯಾಹ್ನ ನೆಲ್ಲಿಕಾಯಿ ವೈನಿನ ಬಾಟಲಿ ಪಟಾಕಿಯ ಹಾಗೆ ಸಿಡಿದು, ಗಾಜಿನ ಚೂರು ಎದುರಿನ ಗೋಣಿಚೀಲಕ್ಕೆ ನೆಟ್ಟಿತ್ತು. ಯಾರೂ ಇರಲಿಲ್ಲ, ಪುಣ್ಯ.

ಬುಸುಗುಡುವ ಬಾಟಲಿಯನ್ನು ಅಲುಗಾಡಿಸಬೇಡಿ. ದಪ್ಪ ಗೋಣಿ ಹೊದೆಸಿ, ಮುಖ ದೂರ ಇಟ್ಟು, ಬಿರಡೆ ನಿಧಾನ ಸಡಿಲಿಸಿ. ಮುಂದಿನ ಸಲ ಬೆಚ್ಚನೆಯ ಜಾಗದಲ್ಲಿ ಒಂದು ವಾರ ಇಟ್ಟು, ಆಗಲೂ ಗುಳ್ಳೆ ಬರದಿದ್ದರೆ ಮಾತ್ರ ಬಿಗಿಯಿರಿ.

ತಿಂದಾಗಿದೆ, ಹೊಟ್ಟೆ ಕೆಟ್ಟಿದೆ

ವಾಂತಿ, ಬೇಧಿ ಒಂದು ದಿನದಲ್ಲಿ ತಾನೇ ನಿಲ್ಲುವುದು ಹೆಚ್ಚು. ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಮೂತ್ರ ನಿಂತದ್ದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿದ್ದರೆ ಅಷ್ಟೂ ಕಾಯಬೇಡಿ. ಕಣ್ಣು ಎರಡೆರಡು ಕಾಣುವುದು, ನಾಲಿಗೆ ತೊದಲುವುದು, ನುಂಗಲು ಆಗದಿರುವುದು ಬಾಟುಲಿಸಂ ಲಕ್ಷಣ ಇರಬಹುದು. ಆಗ ರಾತ್ರಿ ಎಷ್ಟೇ ಹೊತ್ತಾಗಿರಲಿ, ಮಳೆ ಎಷ್ಟೇ ಇರಲಿ, ಹೊರಡಲೇಬೇಕು. ತಿಂದದ್ದರಲ್ಲಿ ಸ್ವಲ್ಪ ಉಳಿದಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಹಾಕಿ ಜೊತೆಗೆ ತೆಗೆದುಕೊಂಡು ಹೋಗಿ, ಯಾವಾಗ ಮಾಡಿದ್ದು, ಎಷ್ಟು ಹೊತ್ತು ಹೊರಗಿತ್ತು ಅಂತ ಡಾಕ್ಟರಿಗೆ ಹೇಳಿ.